ರಾತ್ರಿ ಊಟ ಬಿಟ್ಟೆ, ಬೆಳಿಗ್ಗೆ 214: ತಪ್ಪು ನನ್ನದೇ?

ಪ್ರಶ್ನೆ: ನನಗೆ 56 ವರ್ಷ. ಮಂಡ್ಯ ಜಿಲ್ಲೆಯ ಒಂದು ಹಳ್ಳಿಯವಳು. ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷವಾಯಿತು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎಂಬ ಎರಡು ಬಗೆಯ ಮಾತ್ರೆ ನುಂಗುತ್ತೇನೆ. ಬೆಂಗಳೂರಿನಲ್ಲಿರುವ ಮಗ ಗ್ಲುಕೋಮೀಟರ್ ತಂದುಕೊಟ್ಟಿದ್ದಾನೆ. ದಿನಾ ಬೆಳಿಗ್ಗೆ ಏಳಕ್ಕೆ ಫೋನ್ ಮಾಡುತ್ತಾನೆ. ಮೊದಲ ಮಾತೇ 'ಅಮ್ಮ, ಇವತ್ತು ಎಷ್ಟು?' ಜಾಸ್ತಿ ಇದ್ದರೆ 'ನಿನ್ನೆ ಏನ್ ತಿಂದೆ?' ಅನ್ನುತ್ತಾನೆ. ಯಜಮಾನರು 'ನಾಲಿಗೆ ಕಟ್ಟೋಕಾಗಲ್ವ ನಿಂಗೆ' ಅನ್ನುತ್ತಾರೆ.

ಮುದ್ದೆ ಅರ್ಧ ಮಾಡಿದೆ. ಅನ್ನ ಬಿಟ್ಟೆ. ಕಾಫಿಗೆ ಸಕ್ಕರೆ ಬಿಟ್ಟು ಬೆಲ್ಲ ಹಾಕಿದೆ. ಆದರೂ ಬೆಳಿಗ್ಗೆ 180, 190. ಎರಡು ವಾರದಿಂದ ರಾತ್ರಿ ಊಟವನ್ನೇ ಬಿಟ್ಟಿದ್ದೇನೆ. ಮೊನ್ನೆ ಬೆಳಿಗ್ಗೆ ನೋಡಿದರೆ 214. ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಕೆಲವು ರಾತ್ರಿ ಮೈಯೆಲ್ಲ ಬೆವತು ಎಚ್ಚರವಾಗುತ್ತದೆ.

ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ಶುಗರ್ ಬರೆದಿಡಲು ಡಾಕ್ಟರ್ ಕೊಟ್ಟ ಪುಸ್ತಕದಲ್ಲಿ ಸುಳ್ಳು ಬರೆಯುತ್ತಿದ್ದೇನೆ. 190 ಬಂದರೆ 130 ಅಂತ. ಕಳೆದ ಸಲ ಮೂರು ತಿಂಗಳ ಶುಗರ್ 9 ಬಂತು. 'ಪುಸ್ತಕದಲ್ಲಿ ಎಲ್ಲ ಚೆನ್ನಾಗಿದೆಯಲ್ಲ, ಇದು ಹೇಗೆ?' ಎಂದು ಡಾಕ್ಟರ್ ಕೇಳಿದರು. ತಲೆ ತಗ್ಗಿಸಿ ಕೂತೆ. 'ಹೀಗೇ ಆದರೆ ಇನ್ಸುಲಿನ್ ಶುರು ಮಾಡಬೇಕಾಗುತ್ತೆ' ಅಂದರು. ಅವತ್ತಿನಿಂದ ನಿದ್ದೆಯಿಲ್ಲ. ಬೆರಳು ಚುಚ್ಚಿಕೊಳ್ಳಲು ಕೈ ನಡುಗುತ್ತದೆ. ಇದು ನನ್ನ ಕೈಲಾಗದ ಕೆಲಸ ಅನ್ನಿಸಿಬಿಟ್ಟಿದೆ. ಏನು ಮಾಡಲಿ?

– ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ಹಸಿದುಕೊಂಡೇ ಮಲಗಿ, ಬೆಳಿಗ್ಗೆ ಎದ್ದು, ನಡುಗುವ ಕೈಯಲ್ಲಿ ಬೆರಳು ಚುಚ್ಚಿಕೊಂಡು, ಆ ಪುಟ್ಟ ಪರದೆಯ ಮೇಲೆ 214 ಕಂಡರೆ ಅಳು ಬರದೆ ಇನ್ನೇನು ಬಂದೀತು? ನೀವು ಅತ್ತದ್ದರಲ್ಲಿ ದೌರ್ಬಲ್ಯವೇನೂ ಇಲ್ಲ. ಎರಡು ವಾರ ಹೊಟ್ಟೆ ಕಟ್ಟಿದ್ದೀರಿ. ಆದರೂ ಫಲ ಕಾಣಲಿಲ್ಲ. ಮೇಲೆ 'ಏನ್ ತಿಂದೆ' ಎಂಬ ಮಾತು ಬೇರೆ. ಏನೂ ತಿನ್ನದವರಿಗೆ ಆ ಪ್ರಶ್ನೆ ಎಷ್ಟು ನೋಯಿಸುತ್ತದೆ ಎಂಬುದು ಕೇಳುವವರಿಗೆ ಗೊತ್ತಾಗುವುದಿಲ್ಲ.

ಪುಸ್ತಕದಲ್ಲಿ ಸುಳ್ಳು ಬರೆದ ವಿಷಯವನ್ನು ನನಗೆ ಹೇಳಿದಿರಲ್ಲ, ಅದು ದೊಡ್ಡ ಧೈರ್ಯ. ಇಂಥ ಪುಸ್ತಕಗಳನ್ನು ನಾನು ಕಂಡಿದ್ದೇನೆ. ಒಂದು ತಿಂಗಳ ಅಂಕಿಗಳೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಓರಣದಲ್ಲಿ, ಆಸ್ಪತ್ರೆಗೆ ಹೊರಡುವ ಹಿಂದಿನ ರಾತ್ರಿ ಕೂತು ತುಂಬಿದ್ದು. ದಿನಾ ಬರೆದ ಪುಸ್ತಕ ಹಾಗಿರುವುದಿಲ್ಲ, ಅದರಲ್ಲಿ ಒಂದು ದಿನ ನೀಲಿ ಶಾಯಿ, ಒಂದು ದಿನ ಪೆನ್ಸಿಲ್, ನಡುವೆ ಎರಡು ದಿನ ಖಾಲಿ, ಅಂಚಿನಲ್ಲಿ ಸಾರಿನ ಕಲೆ. ಆ ಓರಣದ ಪುಸ್ತಕಗಳನ್ನು ಬರೆದವರ್ಯಾರೂ ಮೋಸಗಾರರಲ್ಲ. ಬೈಸಿಕೊಂಡು ಬೈಸಿಕೊಂಡು ಸಾಕಾಗಿ, ಒಂದು ದಿನವಾದರೂ 'ಪರವಾಗಿಲ್ಲ ಕಣಮ್ಮ' ಅನ್ನಿಸಿಕೊಳ್ಳಬೇಕು ಎಂದು ಆಸೆಪಟ್ಟವರು. ನೀವೂ ಅಷ್ಟೇ. ಆದ್ದರಿಂದ ಮೊದಲು ಆ ಅಪರಾಧದ ಭಾರವನ್ನು ಕೆಳಗಿಡಿ. ಆಮೇಲೆ ಅಂಕಿಯ ಮಾತಾಡೋಣ.

ನೀವು ಮಂಡ್ಯದವರು. ಮಳೆಗಾಲದಲ್ಲಿ ನಿಮ್ಮ ಕಡೆ ಪೇಪರ್ ಕೈಗೆತ್ತಿಕೊಂಡವರು ಮೊದಲು ಹುಡುಕುವುದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಮಟ್ಟ ಏರಿತೆಂದು ಯಾರೂ ಕಟ್ಟೆಯನ್ನು ಬೈಯುವುದಿಲ್ಲ. ನೀರು ಎಲ್ಲಿಂದ ಬಂತು, ಎಷ್ಟು ಹೊರಗೆ ಬಿಡಬೇಕು ಎಂದು ಯೋಚಿಸುತ್ತಾರೆ. ನಿಮ್ಮ ಮೀಟರ್ ತೋರಿಸುವ ಅಂಕಿಯನ್ನೂ ಹಾಗೆಯೇ ಓದಬೇಕು.

ರಕ್ತಕ್ಕೆ ಸಕ್ಕರೆ ಎರಡು ಕಡೆಯಿಂದ ಬರುತ್ತದೆ. ಒಂದು, ನಾವು ಉಣ್ಣುವ ಊಟ. ಇನ್ನೊಂದು, ನಮ್ಮದೇ ಲಿವರ್. ನಾವು ಉಣ್ಣದ ಹೊತ್ತಿನಲ್ಲೂ ಮಿದುಳಿಗೆ ಸಕ್ಕರೆ ಬೇಕೇ ಬೇಕು. ಅದಕ್ಕೆಂದೇ ಲಿವರ್ ತಾನು ಕೂಡಿಟ್ಟದ್ದನ್ನು ರಾತ್ರಿಯಿಡೀ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ, ಸಾಲದಿದ್ದರೆ ಹೊಸದಾಗಿ ತಯಾರಿಸುತ್ತದೆ. ನಸುಕಿನ ಮೂರು ನಾಲ್ಕು ಗಂಟೆಯ ಹೊತ್ತಿಗೆ ದೇಹ ಏಳುವುದಕ್ಕೆ ಸಿದ್ಧವಾಗತೊಡಗುತ್ತದೆ. ಆಗ ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಏರಿ, 'ಇನ್ನಷ್ಟು ಬಿಡು' ಎಂದು ಲಿವರಿಗೆ ಹೇಳುತ್ತವೆ. ಸಕ್ಕರೆ ಕಾಯಿಲೆ ಇಲ್ಲದವರಲ್ಲಿ ಮೇದೋಜೀರಕ ಗ್ರಂಥಿ ಅದಕ್ಕೆ ತಕ್ಕಷ್ಟು ಇನ್ಸುಲಿನ್ ಸುರಿಸಿ ಸರಿದೂಗಿಸುತ್ತದೆ. ಕಾಯಿಲೆ ಇದ್ದವರಲ್ಲಿ ಆ ಇನ್ಸುಲಿನ್ ಸಾಲದು, ಇದ್ದದ್ದೂ ಸರಿಯಾಗಿ ಕೆಲಸ ಮಾಡದು. ಹಾಗಾಗಿ ಬೆಳಗಿನ ಅಂಕಿ ಏರಿರುತ್ತದೆ.

ಮಂಡ್ಯದಲ್ಲಿ ಒಂದು ಹನಿ ಬೀಳದಿದ್ದರೂ ಕೊಡಗಿನಲ್ಲಿ ಮಳೆ ಹಿಡಿದರೆ ಕಟ್ಟೆ ತುಂಬುವುದಿಲ್ಲವೇ? ಇದೂ ಹಾಗೆಯೇ. ರಾತ್ರಿ ಊಟ ಬಿಟ್ಟು ನೀವು ಮಂಡ್ಯದ ಮಳೆ ನಿಲ್ಲಿಸಿದಿರಿ. ಕೊಡಗಿನ ಮಳೆ ನಿಮ್ಮ ಕೈಯಲ್ಲಿರಲಿಲ್ಲ. 214 ನಿಮ್ಮ ನಾಲಿಗೆಯ ತಪ್ಪಲ್ಲ.

ಒಳಹರಿವು ಹೆಚ್ಚಿಸುವ ಸಂಗತಿಗಳು ಇನ್ನೂ ಇವೆ. ಜ್ವರ, ಹಲ್ಲಿನ ಕೀವು, ಉರಿಮೂತ್ರ, ಕಾಲಿನ ಹುಣ್ಣು, ಇವೆಲ್ಲ ಶುಗರ್ ಏರಿಸುತ್ತವೆ. ಉಬ್ಬಸಕ್ಕೋ ಮಂಡಿನೋವಿಗೋ ಕೊಡುವ ಸ್ಟೀರಾಯ್ಡ್ ಏರಿಸುತ್ತದೆ. ನಿದ್ದೆಗೇಡು ಏರಿಸುತ್ತದೆ, ಹೆದರಿಕೆಯೂ ಏರಿಸುತ್ತದೆ. ಅಂದರೆ ಶುಗರ್ ಹೆಚ್ಚಾಯಿತೆಂದು ನೀವು ಪಡುವ ಭಯವೇ ಅದನ್ನು ಇನ್ನಷ್ಟು ಹೆಚ್ಚಿಸುತ್ತಿರಬಹುದು. ನಿಮ್ಮ ಮನಸ್ಸು ಹಗುರವಾಗಬೇಕು ಎಂದು ನಾನು ಹೇಳುವುದು ಬರೀ ಸಮಾಧಾನಕ್ಕಲ್ಲ, ಅದೂ ಚಿಕಿತ್ಸೆಯ ಒಂದು ಭಾಗ.

ಸಮಾಧಾನ ಹೇಳುವ ಭರದಲ್ಲಿ ನಿಜ ಮುಚ್ಚಿಡಬಾರದು. ಮೂರು ತಿಂಗಳ ಶುಗರ್, ಅಂದರೆ ಎಚ್‌ಬಿಎ1ಸಿ, 9 ಬಂತೆಂದರೆ ಆ ಅವಧಿಯಲ್ಲಿ ನಿಮ್ಮ ಸರಾಸರಿ ಸಕ್ಕರೆ ಸುಮಾರು 212. ಅದು 8 ಇದ್ದರೆ ಸುಮಾರು 183, 7 ಇದ್ದರೆ 154. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನ ಅದಕ್ಕೆ ಅಂಟಿಕೊಂಡ ಸಕ್ಕರೆಯ ಲೆಕ್ಕ ಇದು. ರಕ್ತಹೀನತೆ ಇದ್ದವರಲ್ಲಿ ಈ ಲೆಕ್ಕ ಸ್ವಲ್ಪ ತಪ್ಪಬಹುದು, ಹಾಗಾಗಿ ಹಿಮೋಗ್ಲೋಬಿನ್ ಕೂಡ ನೋಡಿಸಿ. ಸಾಮಾನ್ಯವಾಗಿ ವೈದ್ಯರು ಇಟ್ಟುಕೊಳ್ಳುವ ಗುರಿ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟವಾಗಿ ಎರಡು ಗಂಟೆಗೆ 180ರ ಒಳಗೆ, ಮೂರು ತಿಂಗಳದ್ದು 7ರ ಆಸುಪಾಸು. ವಯಸ್ಸಾದವರಿಗೆ, ಬೇರೆ ಕಾಯಿಲೆ ಇದ್ದವರಿಗೆ ಇದನ್ನು ಸಡಿಲಿಸುತ್ತಾರೆ. ನಿಮ್ಮ ಗುರಿ ಎಷ್ಟೆಂದು ನಿಮ್ಮ ಡಾಕ್ಟರನ್ನೇ ಕೇಳಿ.

200ರ ಆಚೆಗಿನ ಅಂಕಿ ಒಂದೆರಡು ದಿನ ಬಂದರೆ ಅನಾಹುತವೇನೂ ಆಗುವುದಿಲ್ಲ. ಆದರೆ ವರ್ಷಗಟ್ಟಲೆ ಹಾಗೇ ಉಳಿದರೆ ಕಣ್ಣು, ಮೂತ್ರಪಿಂಡ, ನರ, ಪಾದ, ಹೃದಯಗಳಿಗೆ ಪೆಟ್ಟು ಬೀಳುತ್ತದೆ. ನೋವಿಲ್ಲದೆ ನಡೆಯುವ ಪೆಟ್ಟು ಅದು. ದಾಹ, ಪದೇ ಪದೇ ಮೂತ್ರ, ಸುಸ್ತು, ಕಣ್ಣು ಮಂಜು, ಇವು ಕಾಣಿಸಿಕೊಳ್ಳಬಹುದು, ಕಾಣಿಸಿಕೊಳ್ಳದೆಯೂ ಇರಬಹುದು. ಮೈ ಹೇಳದಿದ್ದದ್ದನ್ನು ಮೀಟರ್ ಹೇಳುತ್ತದೆ, ಅದಕ್ಕೇ ಅದರ ಮಾತನ್ನು ತಿದ್ದಬಾರದು. ಪುಸ್ತಕದಲ್ಲಿ 130 ಕಂಡ ಡಾಕ್ಟರ್ ಆ 130ಕ್ಕೆ ಔಷಧಿ ಬರೆಯುತ್ತಾರೆ. ನಿಮ್ಮ ನಿಜವಾದ 190ಕ್ಕೆ ಔಷಧಿಯೇ ಸಿಗುವುದಿಲ್ಲ.

ಈಗ ಏನು ಮಾಡಬೇಕು, ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಇವತ್ತು ರಾತ್ರಿ ಊಟ ಮಾಡಿ. ನೀವು ನುಂಗುವ ಗ್ಲಿಮೆಪಿರೈಡ್ ಊಟದ ಜೊತೆ ತೆಗೆದುಕೊಳ್ಳುವ ಮಾತ್ರೆ. ನೀವು ಉಂಡಿರಲಿ, ಉಪವಾಸವಿರಲಿ, ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಬಿಡಿಸುತ್ತದೆ. ಹೊಟ್ಟೆ ಖಾಲಿ ಇದ್ದರೆ ಶುಗರ್ ತೀರಾ ಇಳಿದುಹೋಗಬಹುದು. ರಾತ್ರಿ ಮೈ ಬೆವತು ಎಚ್ಚರವಾಗುತ್ತದೆ ಎಂದಿದ್ದೀರಿ. ನಿಮ್ಮ ಇಡೀ ಪತ್ರದಲ್ಲಿ ನನಗೆ ಹೆಚ್ಚು ಗಾಬರಿಯಾದದ್ದು 214 ಕಂಡಲ್ಲ, ಈ ಬೆವರು ಕಂಡು. ಅದು ಲೋ ಶುಗರ್ ಇದ್ದರೂ ಇರಬಹುದು. ಇನ್ನು ಹಾಗಾದರೆ ಕೂಡಲೇ ಪರೀಕ್ಷಿಸಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ. ಸರಿಹೋದ ಮೇಲೆ ಏನಾದರೂ ತಿನ್ನಿ. ಇದನ್ನು ಯಜಮಾನರಿಗೂ ಹೇಳಿಕೊಟ್ಟಿರಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು ಎಂಬುದನ್ನೂ ಹೇಳಿ. ಬೆವರಿನ ವಿಷಯವನ್ನು ನಾಳೆಯೇ ಡಾಕ್ಟರಿಗೆ ತಿಳಿಸಿ. ಅಲ್ಲಿಯವರೆಗೆ ಮಾತ್ರೆಯ ಪ್ರಮಾಣವನ್ನು ನೀವಾಗಿ ಹೆಚ್ಚು ಕಡಿಮೆ ಮಾಡಬೇಡಿ.

ಎರಡನೆಯದು, ಎರಡು ಮೂರು ರಾತ್ರಿ ಮೂರು ಸಲ ಪರೀಕ್ಷಿಸಿ: ಮಲಗುವಾಗ, ನಸುಕಿನ ಮೂರಕ್ಕೆ ಅಲಾರಂ ಇಟ್ಟುಕೊಂಡು, ಎದ್ದ ಕೂಡಲೇ. ಮೂರು ಗಂಟೆಯಲ್ಲಿ ತೀರಾ ಕಡಿಮೆ ಇದ್ದರೆ ಒಂದು ದಾರಿ, ಮಲಗುವಾಗಲೇ ಹೆಚ್ಚಿದ್ದರೆ ಇನ್ನೊಂದು, ಮೂರರ ನಂತರ ಏರಿದ್ದರೆ ಮತ್ತೊಂದು. ಈ ಆರರಿಂದ ಒಂಬತ್ತು ಅಂಕಿಗಳಿಂದ ಡಾಕ್ಟರಿಗೆ ಎಷ್ಟೋ ವಿಷಯ ತಿಳಿಯುತ್ತದೆ. ಚುಚ್ಚುವ ಮೊದಲು ಕೈ ತೊಳೆದು ಒರೆಸಿಕೊಳ್ಳಿ. ಬೆಲ್ಲ ಮುಟ್ಟಿದ, ಬಾಳೆಹಣ್ಣು ಸುಲಿದ ಬೆರಳಿನಲ್ಲಿ ನೋಡಿದರೆ ಇಲ್ಲದ ಸಕ್ಕರೆಯೂ ಕಾಣಿಸುತ್ತದೆ. ಬೆರಳ ತುದಿಯ ನಡುವೆ ಚುಚ್ಚುವ ಬದಲು ಪಕ್ಕಕ್ಕೆ ಚುಚ್ಚಿಕೊಂಡರೆ ನೋವು ಕಡಿಮೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಅವಧಿ ಮುಗಿದಿದೆಯೇ ನೋಡಿಕೊಳ್ಳಿ.

ಮೂರನೆಯದು, ಪುಸ್ತಕಕ್ಕೆ ಹೊಸ ಹಾಳೆ ತಿರುವಿ. ಅಂಕಿಯ ಪಕ್ಕದಲ್ಲಿ ಎರಡು ಮಾತು ಬರೆಯಿರಿ. 'ನಿದ್ದೆ ಬರಲಿಲ್ಲ.' 'ಮದುವೆ ಊಟ.' 'ಮಾತ್ರೆ ಮರೆತೆ.' 'ಹಲ್ಲುನೋವು.' 'ಮಗನ ಜೊತೆ ಮಾತು ಬಂತು.' ಒಂದೆರಡು ವಾರ ಕಳೆದ ಮೇಲೆ ತಿರುಗಿ ನೋಡಿದರೆ ನಿಮ್ಮ ಕಟ್ಟೆಯ ಒಳಹರಿವು ಎಲ್ಲಿಂದ ಎಂಬುದು ನಿಮಗೇ ಕಾಣುತ್ತದೆ. ಡಾಕ್ಟರ ಹತ್ತಿರ ಹೋದಾಗ ಒಂದೇ ಮಾತು ಸಾಕು: 'ಹೆದರಿಕೊಂಡು ಕಡಿಮೆ ಬರೆದಿದ್ದೆ ಡಾಕ್ಟ್ರೇ, ಇನ್ನು ಮೇಲೆ ನಿಜ ಬರೆಯುತ್ತೇನೆ.' ಅವರಿಗೆ ಕೋಪ ಬಂದರೂ ಅದು ಒಂದು ನಿಮಿಷದ್ದು. ಹೇಳಿ ಮುಗಿಸಿದ ಮೇಲೆ ಮುಚ್ಚಿಡುವುದಕ್ಕೆ ಏನೂ ಉಳಿಯುವುದಿಲ್ಲ.

ನಾಲ್ಕನೆಯದು ಊಟ. ಬೆಲ್ಲಕ್ಕೂ ಸಕ್ಕರೆಗೂ ರಕ್ತದ ಮಟ್ಟಿಗೆ ಹೆಚ್ಚು ವ್ಯತ್ಯಾಸವಿಲ್ಲ, ಎರಡೂ ಏರಿಸುತ್ತವೆ. ಕಾಫಿಯ ಬೆಲ್ಲ ಬಿಡಿ. ರಾಗಿ ಒಳ್ಳೆಯ ಧಾನ್ಯವೇ, ಆದರೆ ರಾಗಿ ಹಿಟ್ಟಿನಲ್ಲೂ ಸುಮಾರು ಮೂರನೇ ಎರಡು ಭಾಗ ಪಿಷ್ಟವೇ. 'ಮುದ್ದೆ ಉಂಡರೆ ಶುಗರ್ ಬರಲ್ಲ' ಎಂಬ ಮಾತು ನಂಬಿ ದೊಡ್ಡ ಮುದ್ದೆ ಉಣ್ಣುವವರಿದ್ದಾರೆ, 'ಮುದ್ದೆಯಿಂದಲೇ ಶುಗರ್' ಎಂದು ಹಸಿದಿರುವವರೂ ಇದ್ದಾರೆ. ಎರಡೂ ಬೇಡ. ಸಣ್ಣ ಮುದ್ದೆ ಇರಲಿ, ಅದರ ಜೊತೆ ಸೊಪ್ಪು, ಹುರುಳಿಕಾಳೋ ಅವರೆಕಾಳೋ ಧಾರಾಳವಾಗಿರಲಿ. ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಕಾಳು, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ಮುದ್ದೆಯೋ ಅನ್ನವೋ. ಅನ್ನ ಪೂರ್ತಿ ಬಿಡಬೇಕಾಗಿಲ್ಲ. ಉಂಡ ಮೇಲೆ 10–15 ನಿಮಿಷ ಅಂಗಳದಲ್ಲೋ ಬೀದಿಯಲ್ಲೋ ನಡೆಯಿರಿ. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಕಟ್ಟೆಯ ನಾಲೆ ತೆರೆದಂತೆ ಅದು.

ಇನ್ನು ಇನ್ಸುಲಿನ್. ನೀವು ಅದನ್ನು ಶಿಕ್ಷೆ ಎಂದುಕೊಂಡಿದ್ದೀರಿ. ಮನೆಯವರೂ ಹಾಗೆಯೇ ಮಾತಾಡಿರಬಹುದು: 'ನೋಡು, ಇಂಜೆಕ್ಷನ್ ತನಕ ತಂದುಕೊಂಡೆ.' ಸಕ್ಕರೆ ಕಾಯಿಲೆ ಬಂದು ವರ್ಷಗಳು ಕಳೆದಂತೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವ ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ಕಳೆದುಕೊಳ್ಳುತ್ತದೆ. ಪಥ್ಯ ಮಾಡಿದವರಲ್ಲೂ ಹೀಗಾಗುತ್ತದೆ. ಆಗ ಹೊರಗಿನಿಂದ ಕೊಡುವುದು, ಕಣ್ಣು ಮಂಜಾದವರಿಗೆ ಕನ್ನಡಕ ಕೊಟ್ಟಂತೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಅದಕ್ಕೂ ಮುಂಚೆ ಅಂಥ ಮಕ್ಕಳಿಗೆ ವೈದ್ಯರು ಕೊಡುತ್ತಿದ್ದ ಮುಖ್ಯ ಚಿಕಿತ್ಸೆ ಉಪವಾಸವೇ ಆಗಿತ್ತು. ಎಲುಬು ಕಾಣುವ ಹಾಗೆ ಬಡಕಲಾಗಿದ್ದ ಆ ಹುಡುಗ ಆಮೇಲೆ ಹದಿಮೂರು ವರ್ಷ ಬದುಕಿದ. ಹಸಿವಿನಿಂದ ಬಿಡುಗಡೆ ಕೊಟ್ಟ ಔಷಧಿ ಅದು. ನಿಮಗೆ ಅದು ಬೇಕೋ ಬೇಡವೋ ಎಂಬುದನ್ನು ನಿಜವಾದ ಅಂಕಿಗಳನ್ನು ನೋಡಿ ಡಾಕ್ಟರ್ ಹೇಳಲಿ. ಬೇಕೆಂದರೆ ನೀವು ಸೋತಿರಿ ಎಂದು ಅರ್ಥವಲ್ಲ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳನ್ನು ಓದುವ ಎಲ್ಲರೂ ನೆನಪಿಟ್ಟುಕೊಳ್ಳಿ. ಶುಗರ್ ಎರಡು ಸಲ ನೋಡಿದರೂ 300ರ ಮೇಲಿದ್ದರೆ ಅದೇ ದಿನ ಡಾಕ್ಟರನ್ನು ಕಾಣಿ. ಹೆಚ್ಚಿದ ಶುಗರ್ ಜೊತೆಗೆ ನಿಲ್ಲದ ವಾಂತಿ, ಹೊಟ್ಟೆನೋವು, ಆಳವಾದ ಜೋರು ಉಸಿರು, ಉಸಿರಿನಲ್ಲಿ ಕಳಿತ ಹಣ್ಣಿನಂಥ ವಾಸನೆ, ತೂಕಡಿಕೆ, ಮಾತು ತೊದಲುವುದು, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ 108ಕ್ಕೆ ಕರೆ ಮಾಡಿ. ಜ್ವರ ಬಂದು ಊಟ ಸೇರದ ದಿನಗಳಲ್ಲಿ ಮಾತ್ರೆಯ ಬಗ್ಗೆ ಡಾಕ್ಟರನ್ನು ಕೇಳಿ, ನೀರು ಕುಡಿಯುತ್ತಿರಿ, ಹೆಚ್ಚು ಸಲ ಪರೀಕ್ಷಿಸಿ. ಇನ್ಸುಲಿನ್ ಮೇಲೆಯೇ ಇರುವ ಮಕ್ಕಳು, ಯುವಕರು ಊಟ ಮಾಡಲಿಲ್ಲವೆಂದು ಇನ್ಸುಲಿನ್ ನಿಲ್ಲಿಸಲೇಬಾರದು.

ಔಷಧಿ, ಸ್ಟ್ರಿಪ್ಪುಗಳ ಖರ್ಚು ಚಿಂತೆಯಾಗಿದ್ದರೆ ತಾಲೂಕು ಆಸ್ಪತ್ರೆಯ ಎನ್‌ಸಿಡಿ (ಅಸಾಂಕ್ರಾಮಿಕ ಕಾಯಿಲೆಗಳ) ಕ್ಲಿನಿಕ್ಕಿನಲ್ಲಿ ಬಿಪಿ, ಶುಗರ್ ತಪಾಸಣೆ ಮಾಡುತ್ತಾರೆ, ಮಾತ್ರೆ ಕೊಡುತ್ತಾರೆ. ಜನೌಷಧಿ ಕೇಂದ್ರಗಳಲ್ಲಿ ಇವೇ ಮಾತ್ರೆಗಳು ಕಡಿಮೆ ಬೆಲೆಗೆ ಸಿಗುತ್ತವೆ. ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ.

ಮನಸ್ಸಿನ ಮಾತಿಗೆ ಬರುತ್ತೇನೆ. ವರ್ಷಗಟ್ಟಲೆ ದಿನಾ ಲೆಕ್ಕ, ದಿನಾ ಪಥ್ಯ, ದಿನಾ ಭಯ. ಇದರಿಂದ ಬರುವ ದಣಿವು ಸಕ್ಕರೆ ಕಾಯಿಲೆಯವರಲ್ಲಿ ಎಷ್ಟು ಸಾಮಾನ್ಯವೆಂದರೆ ವೈದ್ಯರು ಅದನ್ನು ಗುರುತಿಸಿ ಹೆಸರೇ ಇಟ್ಟಿದ್ದಾರೆ: ಡಯಾಬಿಟಿಸ್ ಡಿಸ್ಟ್ರೆಸ್. 'ನನ್ನ ಕೈಲಾಗದು' ಅನ್ನಿಸುವುದು ಅದರದೇ ಲಕ್ಷಣ. ನಿದ್ದೆಗೇಡು, ಅಳು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಎರಡು ವಾರ ದಾಟಿ ಮುಂದುವರಿದರೆ, ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ, ನಿಮ್ಮ ಮಗ. ಅವನ ಆ ಪ್ರಶ್ನೆಯ ಹಿಂದಿರುವುದು ಹೆದರಿಕೆ. ದೂರದಲ್ಲಿದ್ದಾನೆ, ಅಮ್ಮನಿಗೆ ಏನಾದರೂ ಆದರೆ ಎಂಬ ಭಯ ಬಾಯಿಗೆ ಬರುವಾಗ ಅಂಕಿಯಾಗಿ ಬರುತ್ತಿದೆ. ಅವನಿಗೆ ಈ ಪತ್ರ ಓದಿಸಿ, ಅಥವಾ ನೀವೇ ಹೇಳಿ: 'ನೀನು ಕೇಳೋದು ನನ್ನ ಮೇಲಿನ ಪ್ರೀತಿಗೆ ಅಂತ ಗೊತ್ತಪ್ಪ. ಆದರೆ ಎದ್ದ ಕೂಡಲೇ ಲೆಕ್ಕ ಒಪ್ಪಿಸೋ ಹಾಗಾಗಿದೆ ನನಗೆ. ಮೊದಲು ಊಟ ಆಯ್ತಾ, ನಿದ್ದೆ ಬಂತಾ ಅಂತ ಕೇಳು. ಅಂಕಿ ಆಮೇಲೆ ನಾನೇ ಹೇಳ್ತೀನಿ.' ಮನೆಯಲ್ಲಿ ಸಕ್ಕರೆ ಕಾಯಿಲೆಯವರಿರುವ ಎಲ್ಲ ಮಕ್ಕಳಿಗೂ, ಸಂಗಾತಿಗಳಿಗೂ ನನ್ನದು ಇದೇ ಬಿನ್ನಹ. 'ಏನ್ ತಿಂದೆ' ಎಂದು ಕೇಳಿದರೆ ಅವರು ಮುಚ್ಚಿಡುವುದನ್ನು ಕಲಿಯುತ್ತಾರೆ. 'ಬಾ, ಒಂದು ಸುತ್ತು ನಡೆದು ಬರೋಣ' ಎಂದರೆ ಜೊತೆಗೆ ಬರುತ್ತಾರೆ.

ಇವತ್ತು ರಾತ್ರಿ ಸಣ್ಣದೊಂದು ಮುದ್ದೆ, ಸೊಪ್ಪಿನ ಸಾರು ಉಂಡು, ಯಜಮಾನರನ್ನೂ ಕರೆದುಕೊಂಡು ಬೀದಿಯ ಕೊನೆಯವರೆಗೆ ನಡೆದು ಬನ್ನಿ. ಬೆಳಿಗ್ಗೆ ಏಳಕ್ಕೆ ಫೋನ್ ಬಂದಾಗ 'ಊಟ ಆಗಿತ್ತಪ್ಪ' ಎಂದು ನಿಜ ಹೇಳಬಹುದು. ಆಮೇಲೆ ಪುಸ್ತಕ ತೆಗೆದು ಅಂಕಿ ಬರೆಯಿರಿ. 150 ಬಂದರೆ 150. 214 ಬಂದರೆ 214.